ಆಟಿಕೆ ಕಾರು ಕೊಳ್ಳುವ ಮೊದಲು ಮಗುಚಿ ನೋಡಿ: ಬದಿಯಡ್ಕದ ರಿಪೇರಿ ಮೇಜಿನಿಂದ

ಈಗ ಯಾವ ಆಟಿಕೆ ಕಾರಿನ ಬಾಕ್ಸ್ ಎತ್ತಿದರೂ ‘ಇಂಟರ್‌ಆಕ್ಟಿವ್’ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದೆ. ದೀಪ ಮಿನುಗಿದರೆ ಇಂಟರ್‌ಆಕ್ಟಿವ್. ಹಾಡಿದರೆ ಇಂಟರ್‌ಆಕ್ಟಿವ್. ಗೋಡೆಗೆ ಬಡಿದು ವಾಪಸ್ ತಿರುಗಿದರೂ ಅದೇ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಮಿಕ್ಸಿ, ಗ್ರೈಂಡರ್, ಫ್ಯಾನ್ ರಿಪೇರಿ ಮಾಡುವವನು. ಜೊತೆಗೆ ಊರವರು ಮಕ್ಕಳ ಕಾರುಗಳನ್ನೂ ತಂದು ಮೇಜಿನ ಮೇಲೆ ಇಡುತ್ತಾರೆ. “ಇದೊಂದು ನೋಡಿ ಮಾರಾಯ್ರೆ, ಹುಡುಗ ಅಳುದು ನಿಲ್ಲಿಸುದಿಲ್ಲ” ಅಂತ. ದುಡ್ಡು ಕೇಳುವ ಹಾಗಿಲ್ಲ, ಬಿಚ್ಚಿ ನೋಡದೆ ಇರುವ ಹಾಗೂ ಇಲ್ಲ. ಹಾಗಾಗಿ ಈ ಕಾರುಗಳ ಹೊಟ್ಟೆಯಲ್ಲಿ ಏನಿದೆ ಅಂತ ನನಗೆ ಬಾಕ್ಸ್ ಬರೆದವರಿಗಿಂತ ಚೆನ್ನಾಗಿ ಗೊತ್ತು.

ತಂಗಿಗೆ ಇಬ್ಬರು ಮಕ್ಕಳು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ನೀರ್ಚಾಲು ಕಡೆ ಅವರ ಮನೆ. ಈ ವರ್ಷ ರಜೆಗೆ ಅವರಿಗಾಗಿ ಬೇರೆ ಬೇರೆ ಥರದ ಕಾರುಗಳನ್ನು ಕೊಂಡೆ. ಕೆಲವು ಕಾಸರಗೋಡು ಹೊಸ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ, ಒಂದು ಮಂಗಳೂರಿನಿಂದ, ಉಳಿದದ್ದು ಆನ್‌ಲೈನ್. ಇಂಟರ್‌ಆಕ್ಟಿವ್ ಅನ್ನಲು ನನ್ನ ಅಳತೆಗೋಲು ಒಂದೇ. ಮಗು ಏನಾದರೂ ಮಾಡಿದರೆ ಕಾರು ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳಬೇಕು. ಮಗು ಬೇರೆ ಏನಾದರೂ ಮಾಡಿದರೆ ಕಾರೂ ಬೇರೆ ಥರ ನಡೆಯಬೇಕು. ಸ್ವಿಚ್ ಹಾಕಿ ಕೂತು ನೋಡುವುದಾದರೆ ಅದಕ್ಕೆ ಟಿವಿ ಇದೆ ಅಲ್ವಾ?

ಮೊದಲು ಎಲ್ಲ ಅಂಗಡಿಯಲ್ಲೂ ಕಾಣುವ ಕಾರು. ಪಾರದರ್ಶಕ ಪ್ಲಾಸ್ಟಿಕ್ ಮೈ, ಒಳಗೆ ಬಣ್ಣಬಣ್ಣದ ಗಿಯರುಗಳು, ದೀಪ, ಹಾಡು. ಬೆಲೆ ಮುನ್ನೂರರ ಆಸುಪಾಸು. ಅಂಗಡಿಯ ಹುಡುಗ “ಇದಕ್ಕೆ ಸೆನ್ಸರ್ ಉಂಟು ಅಣ್ಣಾ, ಗೋಡೆ ಬಂದರೆ ಅದೇ ತಿರುಗುತ್ತದೆ” ಅಂದ. ಸೆನ್ಸರೂ ಇಲ್ಲ, ಮಣ್ಣೂ ಇಲ್ಲ. ಕಾರನ್ನು ಮಗುಚಿದರೆ ಅಡಿಯಲ್ಲಿ ಒಂದು ದುಂಡನೆಯ ತಟ್ಟೆ ಕಾಣುತ್ತದೆ. ಓಡಿಸುವ ಚಕ್ರ ಇರುವುದು ಅದರಲ್ಲಿ. ತಟ್ಟೆ ಸಲೀಸಾಗಿ ತಿರುಗುತ್ತದೆ. ಕಾರಿನ ಮೂತಿ ಗೋಡೆಗೆ ತಾಗಿ ನಿಂತಾಗ ಚಕ್ರಗಳು ತಳ್ಳುತ್ತಲೇ ಇರುತ್ತವೆ, ಹಾಗಾಗಿ ತಟ್ಟೆಯೇ ಹೊರಳಿ ಬೇರೆ ದಿಕ್ಕು ಹಿಡಿಯುತ್ತದೆ. ಚಿಪ್ ಇಲ್ಲದೆ ಮಾಡಿದ ಜಾಣತನ, ಅದಕ್ಕೆ ನನ್ನ ಮೆಚ್ಚುಗೆ ಇದೆ. ಆದರೆ ಮಗುವಿಗೆ ಮಾಡಲು ಕೆಲಸ ಏನೂ ಇಲ್ಲ. ಅಳಿಯ ಸ್ವಲ್ಪ ಹೊತ್ತು ಹಿಂದೆ ಓಡಿದ. ಆಮೇಲೆ ದಾರಿಗೆ ಕಾಲು ಅಡ್ಡ ಇಟ್ಟು ತಿರುಗಿಸಲು ಶುರುಮಾಡಿದ. ಆ ಕಾರಿನಲ್ಲಿ ನಿಜವಾದ ಆಟ ಅಂತ ಇದ್ದದ್ದು ಅದೊಂದೇ, ಅದೂ ಅವನೇ ಹುಡುಕಿಕೊಂಡದ್ದು.

ಇನ್ನು ಅದರ ಹಾಡು! ಸೌಂಡ್ ಕಡಿಮೆ ಮಾಡಲು ಯಾವ ಸ್ವಿಚ್ಚೂ ಇಲ್ಲ. ನಾನು ಸ್ಪೀಕರ್ ವಯರಿಗೆ ಒಂದು ಸಣ್ಣ ರೆಸಿಸ್ಟರ್ ಸೇರಿಸಿ ಬೆಸುಗೆ ಹಾಕಿದೆ. ಬೆಸುಗೆ ಗೊತ್ತಿಲ್ಲದವರು ಸ್ಪೀಕರಿನ ತೂತುಗಳ ಮೇಲೆ ಎರಡು ಪದರ ಸೆಲ್ಲೋಟೇಪ್ ಅಂಟಿಸಿ. ಅಷ್ಟಕ್ಕೇ ಸುಮಾರು ಅರ್ಧ ಗಲಾಟೆ ಅಡಗುತ್ತದೆ. ಎರಡು ವರ್ಷದ ಮಗು ಇರುವ ಮನೆಗೆ ಅಡ್ಡಿಯಿಲ್ಲ. ಐದು ದಾಟಿದವರಿಗೆ ಬೇಡ.

ಈ ಸಲ ನನಗೆ ನಿಜಕ್ಕೂ ಇಷ್ಟವಾದದ್ದು ಗೆರೆ ಹಿಡಿದು ಓಡುವ ಕಾರು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಜೊತೆಗೆ ಒಂದು ಕರಿ ಮಾರ್ಕರ್ ಪೆನ್ನು. ನಾನ್ನೂರು ರೂಪಾಯಿಯೊಳಗೆ ಬಂತು. ಬಿಳಿ ಕಾಗದದ ಮೇಲೆ ಮಗು ಗೆರೆ ಎಳೆಯಬೇಕು, ಕಾರು ಅದೇ ಗೆರೆ ಹಿಡಿದು ಹೋಗುತ್ತದೆ. ಬಾಕ್ಸ್ ಮೇಲೆ ‘ಇಂಡಕ್ಟಿವ್ ಕಾರ್’ ಅಂತ ಇದೆ, ಇಂಡಕ್ಷನ್ನಿಗೂ ಇದಕ್ಕೂ ಸಂಬಂಧವೇ ಇಲ್ಲ. ಅಡಿಯಲ್ಲಿ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುವ ಒಂದು ಎಲ್‌ಇಡಿ, ಪಕ್ಕದಲ್ಲಿ ಅದನ್ನು ಗ್ರಹಿಸುವ ಒಂದು ಕಣ್ಣು. ಬಿಳಿ ಕಾಗದ ಬೆಳಕನ್ನು ವಾಪಸ್ ಕಳಿಸುತ್ತದೆ, ಕಪ್ಪು ಗೆರೆ ನುಂಗುತ್ತದೆ. ನುಂಗಿದರೆ ಒಂದು ಬದಿಯ ಮೋಟರ್ ತಿರುಗುತ್ತದೆ, ವಾಪಸ್ ಬಂದರೆ ಇನ್ನೊಂದು ಬದಿಯದು. ಹೀಗೆ ಕಾರು ಗೆರೆಯ ನಡುವೆ ಹೋಗುವುದಿಲ್ಲ, ಗೆರೆಯ ಅಂಚನ್ನು ಹಿಡಿದು ಅತ್ತಿತ್ತ ಓಲಾಡುತ್ತ ಹೋಗುತ್ತದೆ. ಎರಡು ಮೂರು ಸೆನ್ಸರ್ ಇರುವ ದುಬಾರಿ ಕಾರುಗಳು ನೇರವಾಗಿ ಹೋಗುತ್ತವೆ. ಆದರೆ ನೋಡಲು ಇದರ ಓಲಾಟವೇ ಚಂದ.

ಮೊದಲ ತೊಂದರೆ ಬಂದದ್ದು ಪೆನ್ನಿನಿಂದ. ಕೊಟ್ಟ ಮಾರ್ಕರ್ ಬೇಗ ಒಣಗಿತು. ತಂಗಿಯ ಮಗಳು ತನ್ನ ಸ್ಕೆಚ್ ಪೆನ್ನು ತಂದು ಅಷ್ಟೇ ದಪ್ಪ ಗೆರೆ ಎಳೆದಳು. ಕಾರು ಅದನ್ನು ಕಂಡೇ ಇಲ್ಲ ಎನ್ನುವ ಹಾಗೆ ನಿಂತಲ್ಲೇ ಸುತ್ತಿತು. “ಎಂತ ಮಾವ, ಹಾಳಾಯ್ತಾ?” ಹಾಳಾಗಿರಲಿಲ್ಲ. ಎಷ್ಟೋ ಸ್ಕೆಚ್ ಪೆನ್ನುಗಳ ಕಪ್ಪು ನಮ್ಮ ಕಣ್ಣಿಗೆ ಮಾತ್ರ ಕಪ್ಪು. ಇನ್‌ಫ್ರಾರೆಡ್ ಅದರ ಮೂಲಕ ಹಾಯ್ದು ಕಾಗದಕ್ಕೆ ಬಡಿದು ವಾಪಸ್ ಬಂದುಬಿಡುತ್ತದೆ. ಕಾರಿಗೆ ಅಲ್ಲಿ ಬರೀ ಬಿಳಿ ಕಾಗದ. ಇಂಗಾಲ ಇರುವ ಕಪ್ಪಾದರೆ ಈ ಮೋಸ ನಡೆಯುವುದಿಲ್ಲ. ಬಚ್ಚಲ ಒಲೆಯಿಂದ ಆರಿದ ಇದ್ದಲಿನ ತುಂಡು ತಂದು ಕೊಟ್ಟೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವಳು ಮಸಿಯಿಂದ ಎಳೆದ ಗೆರೆಯನ್ನು ಕಾರು ಗಬಕ್ಕನೆ ಹಿಡಿಯಿತು. ಆಮೇಲೆ ಆ ಮಾರ್ಕರನ್ನು ಯಾರೂ ಮುಟ್ಟಲಿಲ್ಲ. ಕೈ, ಮುಖ, ಅಂಗಿ ಎಲ್ಲ ಕರಿ. ತಂಗಿ ನನ್ನನ್ನು ಬೈದಳು, ಅದು ಬೇರೆ ವಿಷಯ.

ಅಲ್ಲಿಂದ ಮುಂದೆ ನೋಡಬೇಕಿತ್ತು. ಕ್ಯಾಲೆಂಡರಿನಲ್ಲಿ ಅವಳು ಕುಂಬಳೆಯಿಂದ ಬದಿಯಡ್ಕಕ್ಕೆ ಬರುವ ರಸ್ತೆ ಬರೆದಳು. ಸೀತಾಂಗೋಳಿ, ನೀರ್ಚಾಲು ಎಲ್ಲ ಬಂತು. ಶಾಲೆ, ಅಜ್ಜನ ಮನೆ, ನನ್ನ ಅಂಗಡಿಯೂ ಬಂತು. ತಿರುವು ಜಾಸ್ತಿ ಕಡಿದಾದರೆ ಕಾರು ತಪ್ಪಿಸಿಕೊಳ್ಳುತ್ತದೆ ಅಂತ ಅವಳೇ ಕಂಡುಕೊಂಡು ತಿರುವುಗಳನ್ನು ಅಗಲ ಮಾಡಿದಳು. ಎರಡು ಗೆರೆ ಸೇರುವ ಜಂಕ್ಷನ್ನಿನಲ್ಲಿ ಕಾರು ಯಾವ ಕಡೆ ಹೋಗುತ್ತದೆ? ಮೊದಲು ಅದೃಷ್ಟ ಅಂದುಕೊಂಡಳು. ಆಮೇಲೆ ಯಾವಾಗಲೂ ಒಂದೇ ಬದಿಗೆ ಹೋಗುತ್ತದೆ ಅಂತ ಗೊತ್ತಾಯಿತು. ಅಂಚು ಹಿಡಿಯುವ ಕಾರಿಗೆ ಅದು ಸಹಜ, ಅಂಚು ಎಲ್ಲಿಗೆ ಹೊರಳುತ್ತದೋ ಅಲ್ಲಿಗೇ ಅದರ ದಾರಿ. ನಾನು ಹೇಳಿಕೊಡಲಿಲ್ಲ. ಸುಮ್ನೆ ಕೂತು ಚಾ ಕುಡಿದೆ.

ಮನೆಯ ಜಗಲಿಗೆ ಹಳೆಯ ಕಾಲದ ಕರಿ ಆಕ್ಸೈಡ್ ನೆಲ. ಅಲ್ಲಿ ಕರಿ ಗೆರೆ ನಡೆಯುವುದಿಲ್ಲ. ಆದರೆ ರಂಗೋಲಿ ಹುಡಿಯಿಂದ ಬಿಳಿ ಗೆರೆ ಎಳೆದಾಗ ಕಾರು ಅದನ್ನೂ ಹಿಡಿಯಿತು. ಒಂದೇ ವ್ಯತ್ಯಾಸ. ಕರಿ ಗೆರೆಯ ಬಲ ಅಂಚಿನಲ್ಲಿ ಹೋಗುತ್ತಿದ್ದದ್ದು ಬಿಳಿ ಗೆರೆಯ ಎಡ ಅಂಚಿಗೆ ಬಂತು. ಒಂದೇ ಕಣ್ಣಿನ ಅಗ್ಗದ ಕಾರಿಗೆ ಮಾತ್ರ ಬರುವ ವಿದ್ಯೆ ಇದು. ಗೆರೆಯ ನಡುವೆ ಹೋಗುವ ಹಾಗೆ ಮಾಡಿದ ಎರಡು ಕಣ್ಣಿನ ಕಾರಿಗೆ ನೆಲ ಅದಲುಬದಲಾದರೆ ದಾರಿಯೇ ತಪ್ಪುತ್ತದೆ. ರಂಗೋಲಿ ಹುಡಿ ಚಕ್ರದ ಸಂದಿಗೆ ಹೋಗುತ್ತದೆ, ದಿನದ ಕೊನೆಗೆ ಒಣ ಬ್ರಷ್ಷಿನಿಂದ ಒರೆಸಬೇಕು. ಚಾಕ್ ಆದರೆ ಕಿರಿಕಿರಿ ಕಡಿಮೆ. ಅಂಗಳದಲ್ಲಿ ಹಗಲು ಆಡಲು ಆಗುವುದಿಲ್ಲ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ತುಂಬ ಇರುತ್ತದೆ, ಕಾರಿನ ಕಣ್ಣು ಮಂಕಾಗುತ್ತದೆ.

ಇದರ ದೊಡ್ಡ ಕೊರತೆ ಸೆಲ್. ಒಳಗಿರುವುದು ಸಣ್ಣ ಬಟನ್ ಸೆಲ್‌ಗಳು. ಬೇಗ ಮುಗಿಯುತ್ತವೆ, ನಮ್ಮ ಕಡೆಯ ಸಣ್ಣ ಪೇಟೆಗಳಲ್ಲಿ ವಾಚ್ ಅಂಗಡಿ ಹುಡುಕಬೇಕು. ಅದಕ್ಕಿಂತ ಮುಖ್ಯ, ಬಟನ್ ಸೆಲ್ ನುಂಗಿದರೆ ಅನ್ನನಾಳ ಸುಟ್ಟ ಹಾಗೆ ಆಗುತ್ತದೆ. ಎರಡು ಗಂಟೆಯೊಳಗೇ ದೊಡ್ಡ ಗಾಯ ಆಗಬಹುದು. ಸೆಲ್ ಇಡುವ ಜಾಗದ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಕಾರನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ, ಎಷ್ಟು ಚಂದ ಇದ್ದರೂ. ಹಳೆಯ ಸೆಲ್ ತೆಗೆದಾಗ ಮೇಜಿನ ಮೇಲೆ ಇಡಬೇಡಿ. ಚಿಕ್ಕ ಮಗು ಇರುವ ಮನೆಯಾದರೆ ಈ ಕಾರು ಬೇಡವೇ ಬೇಡ.

ಮಂಗಳೂರಿನಿಂದ ತಂದದ್ದು ಕೈಸನ್ನೆಯ ಕಾರು. ಸಾವಿರದೈನೂರು ಕೊಟ್ಟೆ. ವಾಚಿನ ಹಾಗೆ ಮಣಿಕಟ್ಟಿಗೆ ಒಂದು ಪಟ್ಟಿ. ಕೈ ಮುಂದಕ್ಕೆ ಬಾಗಿಸಿದರೆ ಕಾರು ಮುಂದೆ, ಎಡಕ್ಕೆ ವಾಲಿಸಿದರೆ ಎಡಕ್ಕೆ. ಪಟ್ಟಿಯೊಳಗೆ ಇರುವುದು ಮೊಬೈಲ್ ಅಡ್ಡ ಹಿಡಿದಾಗ ಪರದೆ ತಿರುಗಿಸುವಂಥದೇ ಒಂದು ಸೆನ್ಸರ್. ಕಾರಿನ ಚಕ್ರ ನೋಡಿ ನನಗೆ ಖುಷಿಯಾಯಿತು. ಟಯರಿನ ಜಾಗದಲ್ಲಿ ಓರೆಯಾಗಿ ಕೂರಿಸಿದ ಸಣ್ಣ ಉರುಳೆಗಳು. ಮೆಕಾನಮ್ ಚಕ್ರ ಅಂತ ಹೆಸರು. ಸ್ವೀಡನ್ನಿನ ಬೆಂಗ್ಟ್ ಇಲೋನ್ ಅನ್ನುವ ಎಂಜಿನಿಯರ್ 1970ರ ದಶಕದಲ್ಲಿ ಮಾಡಿದ್ದು. ಕಾರ್ಖಾನೆಗಳಲ್ಲಿ ಇಕ್ಕಟ್ಟಾದ ಜಾಗದಲ್ಲಿ ಭಾರ ಸಾಗಿಸುವ ಗಾಡಿಗಳಿಗೆ ಈ ಚಕ್ರ ಹಾಕುತ್ತಾರೆ. ನಾಲ್ಕು ಚಕ್ರಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರೆ ಮೂತಿ ಹೊರಳಿಸದೆ ಗಾಡಿ ಸೀದಾ ಪಕ್ಕಕ್ಕೆ ಸರಿಯುತ್ತದೆ. ಅಂಥ ಚಕ್ರ ಈಗ ಮಕ್ಕಳ ಆಟಿಕೆಗೆ ಬಂದಿದೆ!

ಆದರೆ ನಮ್ಮ ಮನೆಗಳಿಗೆ ಆ ಚಕ್ರ ಆಗಿಬರುವುದಿಲ್ಲ. ತೆಂಗಿನ ನಾರು, ತಲೆಕೂದಲು, ಅಡಕೆ ಸಿಪ್ಪೆಯ ಎಳೆ ಎಲ್ಲ ಉರುಳೆಗಳ ಸಂದಿಗೆ ಸುತ್ತಿಕೊಳ್ಳುತ್ತದೆ. ಚಿಮುಟ ಹಿಡಿದು ಕೂತು ತೆಗೆಯಬೇಕು. ಮಣ್ಣಿನ ಅಂಗಳದಲ್ಲಿ ಪಕ್ಕಕ್ಕೆ ಸರಿಯುವ ಆಟ ನಡೆಯುವುದೇ ಇಲ್ಲ, ನಯವಾದ ಟೈಲ್ಸ್ ನೆಲ ಬೇಕು. ಒಂದು ಸಲ ಚಾರ್ಜ್ ಮಾಡಿದರೆ ಇಪ್ಪತ್ತು ನಿಮಿಷ ಓಡುತ್ತದೆ, ಮತ್ತೆ ತುಂಬಲು ಒಂದೂವರೆ ಗಂಟೆ. ಐದು ವರ್ಷದವನಿಗೆ ಒಂದೂವರೆ ಗಂಟೆ ಅಂದರೆ ಮುಂದಿನ ವರ್ಷ. ಆಡಿದ ಕೂಡಲೇ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ, ಹತ್ತು ಹದಿನೈದು ನಿಮಿಷ ಆರಲಿ.

ಇದರ ಒಳ್ಳೆಯ ಗುಣವನ್ನೂ ಹೇಳಬೇಕು. ಮೊದಲು ಬರುತ್ತಿದ್ದ 27 ಮೆಗಾಹರ್ಟ್ಸ್ ರಿಮೋಟ್ ಕಾರುಗಳಲ್ಲಿ ಅಣ್ಣ ಗುಂಡಿ ಒತ್ತಿದರೆ ತಮ್ಮನ ಕಾರೂ ಓಡುತ್ತಿತ್ತು. ಆ ಜಗಳ ಬಿಡಿಸಲು ನನ್ನ ಅಂಗಡಿಗೆ ಬಂದವರಿದ್ದಾರೆ. ಈಗಿನ 2.4 ಗಿಗಾಹರ್ಟ್ಸ್ ಕಾರುಗಳು ತಮ್ಮ ರಿಮೋಟಿನ ಜೊತೆ ಮಾತ್ರ ಜೋಡಿಯಾಗುತ್ತವೆ, ಪಕ್ಕದ ಮನೆಯ ಕಾರು ಎಷ್ಟು ಇದ್ದರೂ ಚಿಂತೆ ಇಲ್ಲ. ಮಕ್ಕಳ ಕೈ ಪಳಗುವುದೂ ನಿಜ. ಮೊದಲ ದಿನ ಅಳಿಯ ಇಡೀ ಮೈ ಬಾಗಿಸುತ್ತಿದ್ದ. ಆಮೇಲೆ ಮಣಿಕಟ್ಟು ಮಾತ್ರ ಸಾಕಾಯಿತು. ಬೆಲೆ ಅರ್ಧ ಇದ್ದಿದ್ದರೆ ತೆಗೆದುಕೊಳ್ಳಿ ಅನ್ನುತ್ತಿದ್ದೆ.

ಬಣ್ಣ ಬದಲಿಸುವ ಕಾರು ಚಿಕ್ಕದು, ಅದರ ಕಥೆಯೂ ಚಿಕ್ಕದು. ಬಿಸಿನೀರಲ್ಲಿ ಅದ್ದಿದರೆ ಒಂದು ಬಣ್ಣ, ಐಸ್ ನೀರಲ್ಲಿ ಇನ್ನೊಂದು. ಈ ಥರದ ಬಣ್ಣಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 31 ಡಿಗ್ರಿ ಸೆಲ್ಸಿಯಸ್ ಹತ್ತಿರ ಬದಲಾಗುತ್ತದೆ. ಕಾಸರಗೋಡಿನ ಏಪ್ರಿಲ್ ಸೆಕೆ ಗೊತ್ತಲ್ಲ? ಕಾರು ಬಾಕ್ಸಿನಿಂದಲೇ ಬಿಸಿ ಬಣ್ಣದಲ್ಲಿ ಹೊರಬಂತು, ಹಾಗೇ ಇತ್ತು. ಫ್ರಿಜ್ಜಿನ ನೀರು ಇದ್ದರೆ ಮಾತ್ರ ಆಟ. ಬಿಸಿಲಲ್ಲಿ ಬಿಟ್ಟರೆ ಈ ಬಣ್ಣ ಬೇಗ ಮಾಸಿ ಬದಲಾಗುವುದನ್ನೇ ಮರೆಯುತ್ತದೆ. ಜುಲೈಗೆ ಕೊಳ್ಳಿ, ಮಳೆಯ ತಂಪಿಗೆ ಬೆರಳಿನ ಬಿಸಿಯೇ ಸಾಕು, ಹಿಡಿದಲ್ಲಿ ಬೆರಳಿನ ಗುರುತು ಮೂಡುತ್ತದೆ.

ಬಿಚ್ಚಿ ಜೋಡಿಸುವ ಕಾರಿನ ವಿಷಯದಲ್ಲಿ ನಾನು ಪಕ್ಷಪಾತಿ. ಬಿಚ್ಚುವುದೇ ನನ್ನ ಹೊಟ್ಟೆಪಾಡು. ಆರುನೂರು ರೂಪಾಯಿ, ಜೊತೆಗೆ ಬ್ಯಾಟರಿಯಲ್ಲಿ ತಿರುಗುವ ಪುಟ್ಟ ಡ್ರಿಲ್. ದಪ್ಪ ಸ್ಕ್ರೂಗಳು, ಚಕ್ರ, ಬಂಪರ್, ಸೀಟು ಎಲ್ಲ ಬೇರೆ ಮಾಡಬಹುದು. ಡ್ರಿಲ್ಲಿಗೆ ಬಿಗಿ ಮಾಡುವ ದಿಕ್ಕು, ಸಡಿಲ ಮಾಡುವ ದಿಕ್ಕು ಎರಡೂ ಇದೆ. ಐದು ವರ್ಷದವನು ಬಲಕ್ಕೆ ಬಿಗಿ, ಎಡಕ್ಕೆ ಸಡಿಲ ಅಂತ ಕಲಿತ. ಹೊಸಬರನ್ನು ಕೆಲಸಕ್ಕೆ ಇಟ್ಟುಕೊಂಡಾಗ ಇದನ್ನೇ ಕಲಿಸಲು ನಾನು ಒದ್ದಾಡಿದ್ದೇನೆ. ಈ ಕಾರು ಚಪ್ಪಾಳೆಗೆ ಓಡುತ್ತದೆ. ಬಾಕ್ಸ್ ಮೇಲೆ ‘ಮಾತು ಕೇಳುವ ಕಾರು’ ಅಂತ ಇದ್ದರೂ ಒಳಗಿರುವುದು ಒಂದು ಸಣ್ಣ ಮೈಕ್, ಜೋರು ಶಬ್ದ ಬಂದರೆ ಮೋಟರ್ ಚಾಲೂ, ಅಷ್ಟೆ. ಅಡುಗೆಮನೆಯ ಕುಕ್ಕರ್ ಕೂಗಿದಾಗಲೂ ಓಡಿತು. ಮಕ್ಕಳಿಗೆ ಅದೇ ದೊಡ್ಡ ಆಟವಾಯಿತು. ಪ್ರತಿ ವಿಸಿಲ್ಲಿಗೆ ಕಾರು ಎಲ್ಲಿಗೆ ಮುಟ್ಟುತ್ತದೆ ಅಂತ ಬಾಜಿ. ಅನ್ನ ಬೆಂದ ಹೊತ್ತಿಗೆ ಕಾರು ದೇವರಕೋಣೆಯ ಹೊಸ್ತಿಲಲ್ಲಿ.

ಕೊರತೆ ಇರುವುದು ಪ್ಲಾಸ್ಟಿಕ್ ತೂತಿನೊಳಗಿನ ಥ್ರೆಡ್ಡಿನಲ್ಲಿ, ಅಂದರೆ ಸ್ಕ್ರೂ ಹಿಡಿದುಕೊಳ್ಳುವ ಸುರುಳಿ ಗೆರೆಯಲ್ಲಿ. ಅದೇ ತೂತಿಗೆ ಮತ್ತೆ ಮತ್ತೆ ಸ್ಕ್ರೂ ಹಾಕಿದರೆ ಥ್ರೆಡ್ ಸವೆದು ಬಿಗಿ ನಿಲ್ಲುವುದಿಲ್ಲ. ಸ್ಕ್ರೂವಿಗೆ ಎರಡು ಸುತ್ತು ಪೈಪಿನ ಟೆಫ್ಲಾನ್ ಟೇಪ್ ಸುತ್ತಿ ಹಾಕಿ, ಇನ್ನೊಂದಿಷ್ಟು ದಿನ ನಡೆಯುತ್ತದೆ. ಮಾಡುವವರು ಆ ತೂತಿಗೆ ಒಂದು ಹಿತ್ತಾಳೆ ನಟ್ಟು ಕೂರಿಸಿದ್ದರೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿಯಾಗುತ್ತಿತ್ತು, ತಮ್ಮನಿಂದ ಅವನ ತಮ್ಮನಿಗೂ ದಾಟುತ್ತಿತ್ತು.

ಮೊಬೈಲ್ ಆ್ಯಪ್ ಬೇಕಾಗುವ ಕಾರನ್ನು ಬೇಕೆಂದೇ ಕೊಳ್ಳಲಿಲ್ಲ. ಅಮೆರಿಕದ ಆಂಕಿ ಕಂಪನಿಯ ಕಾರುಗಳು 2013ರಲ್ಲಿ ಆಪಲ್ ಕಂಪನಿಯ ವೇದಿಕೆ ಮೇಲೆ ಓಡಿ ಹೆಸರು ಮಾಡಿದವು. ತಾವೇ ದಾರಿ ಗುರುತಿಸಿ ಒಂದರ ಜೊತೆ ಒಂದು ಸ್ಪರ್ಧೆಗೆ ಇಳಿಯುತ್ತಿದ್ದವು. 2019ರಲ್ಲಿ ಆ ಕಂಪನಿಯೇ ಮುಚ್ಚಿತು. ಆ್ಯಪ್ ನಂಬಿದ ಕಾರಿನ ಆಯಸ್ಸು ಕಂಪನಿಯ ಕೈಯಲ್ಲಿ. ಇದಕ್ಕೆ ಎದುರಾಗಿ 1979ರ ಬಿಗ್ ಟ್ರ್ಯಾಕ್ ನೋಡಿ. ಬೆನ್ನ ಮೇಲೇ ಕೀಪ್ಯಾಡ್ ಇದ್ದ ಆಟಿಕೆ ಗಾಡಿ ಅದು. ಇಷ್ಟು ಮುಂದೆ ಹೋಗು, ಇಷ್ಟು ತಿರುಗು ಅಂತ 16 ಆಜ್ಞೆಗಳನ್ನು ಸಾಲಾಗಿ ಒತ್ತಿದರೆ ಅದರಂತೆ ನಡೆಯುತ್ತಿತ್ತು. ಫೋನ್ ಬೇಡ, ಇಂಟರ್ನೆಟ್ ಬೇಡ. ಬ್ಯಾಟರಿ ಹಾಕಿದರೆ ಇವತ್ತೂ ಓಡಬಲ್ಲದು. ಅಂಥದ್ದು ಕಾಸರಗೋಡಿನ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ.

ಅಂಗಡಿಗೆ ಹೋಗುವವರಿಗೆ ಒಂದು ಮಾತು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಬ್ಯಾಟರಿಯಲ್ಲಿ ಓಡುವ ಕಾರಾದರೆ ಗುರುತಿನ ಮೇಲೆ ಐಎಸ್ 15644 ಅಂತ ಇರಬೇಕು. ಕೀಲಿಯದು, ಹಿಂದಕ್ಕೆ ಎಳೆದು ಬಿಡುವಂಥದು ಆದರೆ ಐಎಸ್ 9873. ಕುಂಬಳೆ ಬೆಡಿ ಜಾತ್ರೆಯ ಸಂತೆಯಲ್ಲಿ ರಾಶಿ ಹಾಕಿ ಮಾರುವ ಕಾರುಗಳಲ್ಲಿ ಈ ಗುರುತು ಹುಡುಕಿದರೆ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಆದರೂ ಹುಡುಕಿ. ಚೂಪು ಅಂಚು, ಕಿತ್ತು ಬರುವ ಚಕ್ರ ನನ್ನ ಮೇಜಿಗೆ ಜಾಸ್ತಿ ಬರುವುದು ಗುರುತಿಲ್ಲದ ಕಾರುಗಳಲ್ಲೇ. ಮಳೆಗಾಲಕ್ಕೆ ಮೊದಲು ಸೆಲ್ ತೆಗೆದಿಡಿ. ನಮ್ಮ ತೇವಕ್ಕೆ ಸ್ಪ್ರಿಂಗ್ ಹಸಿರುಗಟ್ಟುತ್ತದೆ. ಸೆಲ್ ಸೋರಿ ಬಿಳಿ ಹುಡಿ ಕಟ್ಟಿದ್ದರೆ ಹತ್ತಿಗೆ ವಿನೆಗರ್ ಅಥವಾ ಲಿಂಬೆ ರಸ ಅದ್ದಿ ಒರೆಸಿ, ಆಮೇಲೆ ಚೆನ್ನಾಗಿ ಒಣಗಿಸಿ. ನನ್ನಲ್ಲಿಗೆ ಬರುವ ‘ಕೆಟ್ಟ’ ಕಾರುಗಳಲ್ಲಿ ಎಷ್ಟೋ ಇಷ್ಟಕ್ಕೇ ಸರಿಯಾಗುತ್ತವೆ.

ಇಷ್ಟೆಲ್ಲ ನೋಡಿದ ಮೇಲೆ ನನಗೂ ಒಂದು ಮಾಡುವ ಆಸೆಯಾಯಿತು. ಆಟಿಕೆಗೆ ಹಾಕುವ ಸಣ್ಣ ಡಿಸಿ ಮೋಟರಿಗೆ ಕರೆಂಟ್ ಕೊಟ್ಟರೆ ತಿರುಗುತ್ತದೆ. ಕೈಯಿಂದ ತಿರುಗಿಸಿದರೆ ಅದೇ ಕರೆಂಟ್ ಕೊಡುತ್ತದೆ. ಯಾರೋ ಬಿಟ್ಟುಹೋದ ಕೆಟ್ಟ ಕಾರಿನಿಂದ ಗಿಯರ್ ಸಮೇತ ಮೋಟರ್ ತೆಗೆದು ಚಕ್ರಕ್ಕೆ ಜೋಡಿಸಿದೆ. ಅದಕ್ಕೆ ಎರಡು ಎಲ್‌ಇಡಿ, ಒಂದು ನೆಟ್ಟಗೆ, ಒಂದು ತಿರುಗಾಮುರುಗಾ. ಮುಂದಕ್ಕೆ ತಳ್ಳಿದರೆ ಮೂತಿಯ ಬಿಳಿ ದೀಪ ಹೊತ್ತುತ್ತದೆ. ಹಿಂದಕ್ಕೆ ಎಳೆದರೆ ಕರೆಂಟಿನ ದಿಕ್ಕು ಬದಲಾಗಿ ಹಿಂಬದಿಯ ಕೆಂಪು ದೀಪ. ಜೋರಾಗಿ ತಳ್ಳಿದಷ್ಟು ಬೆಳಕು ಜೋರು. ಬ್ಯಾಟರಿ ಇಲ್ಲ, ಚಿಪ್ ಇಲ್ಲ, ಹಾಡು ಮೊದಲೇ ಇಲ್ಲ. ಮೋಟರ್ ಬಿಟ್ಟು ಉಳಿದ ಖರ್ಚು ಇಪ್ಪತ್ತು ರೂಪಾಯಿ ಆಗಲಿಲ್ಲ. ಅಳಿಯ ಸಾವಿರದೈನೂರರ ಕಾರು ಚಾರ್ಜ್ ಆಗುವವರೆಗೆ ಇದನ್ನು ಹಿಡಿಯುತ್ತಾನೆ, ಅದು ಚಾರ್ಜ್ ಆದ ಮೇಲೂ ಬಿಡುವುದಿಲ್ಲ. ಇಂಥದ್ದನ್ನು ಗಟ್ಟಿಮುಟ್ಟಾಗಿ ಮಾಡಿ, ಐಎಸ್‌ಐ ಗುರುತು ಹಾಕಿ, ಮುನ್ನೂರು ರೂಪಾಯಿಗೆ ಮಾರುವವರು ಎಲ್ಲಾದರೂ ಇದ್ದರೆ ನನಗೆ ತಿಳಿಸಿ. ತಂಗಿಯ ಮಗಳಿಗೂ ಒಂದು ಬೇಕಂತೆ, ಎರಡು ತೆಗೆದುಕೊಳ್ಳುತ್ತೇನೆ.